ಬೇರೆ ದೇಶದ ಮಕ್ಕಳಿಗೆ ನಿಮ್ಮ ಶಾಲೆಯ ದಿನ ತೋರಿಸುವುದು ಹೇಗೆ?

ಬೇರೆ ದೇಶದ ಮಕ್ಕಳಿಗೆ ನಮ್ಮ ಶಾಲೆ ಪರಿಚಯ ಮಾಡಿಕೊಡೋಣ ಅಂದ ಕೂಡಲೇ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಥರದ ಬರಹ ತಯಾರಾಗುತ್ತದೆ. ಶಾಲೆ ಶುರುವಾದ ವರ್ಷ, ಕೊಠಡಿಗಳೆಷ್ಟು, ಲೈಬ್ರರಿಯಲ್ಲಿ ಪುಸ್ತಕಗಳೆಷ್ಟು, ಯಾವ ಸ್ಪರ್ಧೆಯಲ್ಲಿ ಯಾವ ಬಹುಮಾನ, ಕೊನೆಗೆ ಹೆಡ್‌ಮಾಸ್ಟರ ಫೋಟೊ. ಇದು ಇನ್ಸ್‌ಪೆಕ್ಷನ್‌ಗೆ ಬಂದವರಿಗೆ ಕೊಡುವ ವರದಿ. ಆದರೆ ಆ ಕಡೆ ಓದಲು ಕೂತವರು ಹತ್ತು-ಹನ್ನೊಂದು ವರ್ಷದ ಮಕ್ಕಳು. ಅವರ ಕುತೂಹಲವೇ ಬೇರೆ. ನಿಮ್ಮಲ್ಲಿ ಬೆಲ್ ಹೊಡೆಯುವವರು ಯಾರು? ತಡವಾಗಿ ಬಂದರೆ ಏನು ಮಾಡುತ್ತಾರೆ? ಯಾರ ಪಕ್ಕ ಯಾರು ಕೂರಬೇಕು ಅಂತ ಹೇಳುವುದು ಟೀಚರ್ರೋ, ಮಕ್ಕಳೇ ಆರಿಸಿಕೊಳ್ಳುತ್ತಾರೋ? ಹೋಂವರ್ಕ್ ಮಾಡದಿದ್ದವರು ಏನು ನೆಪ ಹೇಳುತ್ತಾರೆ?

ನಾನು ಹೇಳಹೊರಟಿರುವುದು ಇಷ್ಟೇ. ನಿಮಗೆ ತೀರಾ ಮಾಮೂಲಿ ಅನಿಸುವುದೇ ಅವರಿಗೆ ಹೊಸದು. ಅದನ್ನು ಹುಡುಕಿ, ಅದನ್ನೇ ಕಳಿಸಿ. ಉಳಿದದ್ದೆಲ್ಲ ಅದನ್ನು ಮಾಡುವ ವಿಧಾನ.

ಈ ಕೆಲಸಕ್ಕೆ ನೂರು ವರ್ಷದ ಇತಿಹಾಸವಿದೆ. ಫ್ರಾನ್ಸ್‌ನ ಹಳ್ಳಿ ಮೇಷ್ಟ್ರು ಸೆಲೆಸ್ಟಿನ್ ಫ್ರೆನೆ 1920ರ ದಶಕದಲ್ಲೇ ತರಗತಿಯೊಳಗೆ ಒಂದು ಪುಟ್ಟ ಮುದ್ರಣ ಯಂತ್ರ ತಂದಿಟ್ಟಿದ್ದರು. ಮಕ್ಕಳು ತಮ್ಮ ಬದುಕಿನ ಬಗ್ಗೆ ಬರೆದದ್ದನ್ನು ಅವರ ಕೈಯಿಂದಲೇ ಅಚ್ಚು ಮಾಡಿಸಿ ದೂರದ ಇನ್ನೊಂದು ಶಾಲೆಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅಲ್ಲಿಂದಲೂ ಅಂಥದ್ದೇ ಹಾಳೆಗಳು ಬರುತ್ತಿದ್ದವು. ಯಂತ್ರ ಬದಲಾಗಿದೆ ಅಷ್ಟೇ. ಮಕ್ಕಳು ಬರೆಯಬೇಕು, ಮಕ್ಕಳು ಓದಬೇಕು ಅನ್ನುವುದು ಬದಲಾಗಿಲ್ಲ.

1. ಆ ಕಡೆ ಯಾರಿದ್ದಾರೆ?

ಜೊತೆ ಸಿಕ್ಕದೆ ಏನೂ ಶುರುವಾಗುವುದಿಲ್ಲ. ಪರಿಚಯದ ಟೀಚರ್ ಯಾರಾದರೂ ಬೇರೆ ದೇಶದಲ್ಲಿದ್ದರೆ ಅದೇ ಎಲ್ಲಕ್ಕಿಂತ ಸುಲಭದ ದಾರಿ. ಇಲ್ಲದಿದ್ದರೆ ಇದಕ್ಕೆಂದೇ ಇರುವ ಜಾಲಗಳಿವೆ. 1988ರಲ್ಲಿ ಅಮೆರಿಕದ ಮತ್ತು ಸೋವಿಯತ್ ಒಕ್ಕೂಟದ ಶಾಲೆಗಳನ್ನು ಜೋಡಿಸುವ ಪ್ರಯತ್ನದಿಂದ ಬೆಳೆದ ಐ-ಅರ್ನ್ ಇಂದು ಹತ್ತಾರು ದೇಶಗಳಲ್ಲಿದೆ. ಯುರೋಪಿಯನ್ ಕಮಿಷನ್ 2005ರಲ್ಲಿ ಶುರುಮಾಡಿದ ಇ-ಟ್ವಿನ್ನಿಂಗ್ ಮುಖ್ಯವಾಗಿ ಯುರೋಪು ಮತ್ತು ಅದರ ನೆರೆಯ ದೇಶಗಳ ಶಾಲೆಗಳಿಗೆ. ಎಲ್ಲೇ ಆದರೂ ನೋಂದಾಯಿಸುವುದು ಟೀಚರ್, ಮಕ್ಕಳಲ್ಲ. ಇದು ಸುರಕ್ಷತೆಯ ಮೊದಲ ಬಾಗಿಲು, ಇದನ್ನು ಸಡಿಲ ಬಿಡಬೇಡಿ.

ಮಕ್ಕಳು ಒಂದು ಸಾಲು ಬರೆಯುವ ಮುಂಚೆ ಇಬ್ಬರು ಟೀಚರ್‌ಗಳು ಮಾತಾಡಿಕೊಳ್ಳಬೇಕು. ಮಕ್ಕಳ ವಯಸ್ಸೇನು, ಎಷ್ಟು ಜನ, ಯಾವ ಭಾಷೆ ಓದಬಲ್ಲರು, ತರಗತಿಯಲ್ಲಿ ಇಂಟರ್ನೆಟ್ ಹೇಗಿದೆ, ಫೋಟೊ ಹಂಚಿಕೊಳ್ಳಲು ಅವರ ಶಾಲೆ ಒಪ್ಪುತ್ತದೆಯೇ. ಇದರ ಜೊತೆಗೆ, ಹೆಚ್ಚಿನವರು ಕೇಳಲು ಮರೆಯುವ ಒಂದು ಪ್ರಶ್ನೆ ಇದೆ: ನಿಮ್ಮ ರಜೆ ಯಾವಾಗ?

ಇದು ಸಣ್ಣ ವಿಷಯ ಅಲ್ಲ. ಜಪಾನ್‌ನಲ್ಲಿ ಶಾಲೆಯ ವರ್ಷ ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ದಕ್ಷಿಣ ಕೊರಿಯಾದಲ್ಲಿ ಮಾರ್ಚ್‌ನಲ್ಲಿ ಶುರು. ಆಸ್ಟ್ರೇಲಿಯಾದಲ್ಲಿ ಜನವರಿ ಕೊನೆಗೆ ಶುರುವಾಗಿ ಡಿಸೆಂಬರ್‌ವರೆಗೆ. ಯುರೋಪಿನ ಹೆಚ್ಚಿನ ಕಡೆ, ಅಮೆರಿಕದಲ್ಲಿ ಆಗಸ್ಟ್-ಸೆಪ್ಟೆಂಬರ್‌ನಿಂದ ಜೂನ್ ಆಸುಪಾಸು. ನೀವು ಉತ್ಸಾಹದಿಂದ ಮೊದಲ ಪತ್ರ ಕಳಿಸುವ ವಾರ ಅಲ್ಲಿ ಶಾಲೆಗೆ ಬೀಗ ಬಿದ್ದಿರಬಹುದು. ಎರಡು ತಿಂಗಳು ಉತ್ತರ ಬರದಿದ್ದರೆ ನಿಮ್ಮ ಮಕ್ಕಳು ಆಸೆ ಬಿಟ್ಟುಬಿಡುತ್ತಾರೆ. ಎರಡೂ ಕಡೆಯ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು, ಇಬ್ಬರಿಗೂ ಪರೀಕ್ಷೆ-ರಜೆ ಇಲ್ಲದ ತಿಂಗಳುಗಳಿಗೆ ಗುರುತು ಹಾಕಿ. ವರ್ಷಕ್ಕೆ ನಾಲ್ಕೈದು ತಿಂಗಳು ಸಿಕ್ಕರೆ ಅದೇ ಸಾಕು.

ವಾರದ ರಜೆಯನ್ನೂ ನೋಡಿ. ಸೌದಿ ಅರೇಬಿಯಾ, ಬಾಂಗ್ಲಾದೇಶದಂಥ ಕಡೆ ಶುಕ್ರವಾರ-ಶನಿವಾರ ರಜೆ, ಭಾನುವಾರ ಶಾಲೆ. ಶುಕ್ರವಾರ ವಿಡಿಯೊ ಕರೆ ಮಾಡೋಣ ಅಂತ ನೀವು ಹೇಳಿದರೆ ಅಲ್ಲಿ ಯಾರೂ ಇರುವುದಿಲ್ಲ.

2. ಒಂದು ದಿನವನ್ನು ಹಿಡಿದಿಡಿ

ಈಗ ನಿಜವಾದ ಕೆಲಸ. ಯಾವುದಾದರೂ ಮಾಮೂಲಿ ದಿನ ಆರಿಸಿಕೊಳ್ಳಿ. ವಾರ್ಷಿಕೋತ್ಸವ ಬೇಡ, ಕ್ರೀಡಾಕೂಟ ಬೇಡ, ಅತಿಥಿಗಳು ಬರುವ ದಿನವಂತೂ ಬೇಡವೇ ಬೇಡ. ಸುಮ್ನೆ ಒಂದು ಬುಧವಾರ ಇರಲಿ.

ಶಾಲೆಗೆ ಹೊರಡುವುದರಿಂದ ಹಿಡಿದು ಮನೆ ಸೇರುವವರೆಗಿನ ಸಮಯವನ್ನು ಅರ್ಧರ್ಧ ಗಂಟೆಗೆ ಭಾಗ ಮಾಡಿ. ಒಂದೊಂದು ಭಾಗಕ್ಕೆ ಇಬ್ಬಿಬ್ಬರು ಮಕ್ಕಳನ್ನು ಹಚ್ಚಿ. ಅವರ ಕೆಲಸ ಇಷ್ಟೇ: ಆ ಅರ್ಧ ಗಂಟೆಯಲ್ಲಿ ಕಣ್ಣಿಗೆ ಬಿದ್ದದ್ದು, ಕಿವಿಗೆ ಕೇಳಿದ್ದು, ಮೂಗಿಗೆ ಬಂದದ್ದು ಬರೆದುಕೊಳ್ಳುವುದು. ಒಂದು ಷರತ್ತು ಹಾಕಿ. ‘ಚೆನ್ನಾಗಿದೆ’, ‘ಸುಂದರ’, ‘ಅದ್ಭುತ’, ‘ತುಂಬಾ’ ಇವು ನಾಲ್ಕನ್ನೂ ಬಳಸುವಂತಿಲ್ಲ. ಈ ಷರತ್ತು ಮಾಡುವಷ್ಟು ಕೆಲಸ ಬೇರೆ ಯಾವ ಪಾಠವೂ ಮಾಡುವುದಿಲ್ಲ. ಹೊಗಳುವ ದಾರಿ ಮುಚ್ಚಿದ ಮೇಲೆ ಮಕ್ಕಳು ನೋಡಲು ಶುರುಮಾಡುತ್ತಾರೆ.

ಮೊದಲ ಸಲ ಬರುವ ಟಿಪ್ಪಣಿ ಬಡಕಲಾಗಿರುತ್ತದೆ. ‘ಗಣಿತ ಪೀರಿಯಡ್ ಆಯಿತು. ಆಮೇಲೆ ವಿಜ್ಞಾನ ಆಯಿತು.’ ಆಗ ಟೀಚರ್ ಪ್ರಶ್ನೆ ಹಾಕಬೇಕು. ಒಂದು ಪೀರಿಯಡ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಏನಾಗುತ್ತದೆ? ಟೀಚರ್ ಬರುತ್ತಾರೋ, ನೀವೇ ಬೇರೆ ಕೊಠಡಿಗೆ ಹೋಗುತ್ತೀರೋ? ಅವರು ಒಳಗೆ ಬಂದಾಗ ಎದ್ದು ನಿಲ್ಲುತ್ತೀರಾ? ಬೋರ್ಡ್ ಒರೆಸುವುದು ಯಾರ ಪಾಳಿ? ಉತ್ತರ ಗೊತ್ತಿದ್ದೂ ಕೈ ಎತ್ತದೆ ಕೂರುವವರು ಯಾರು, ಯಾಕೆ?

ಈ ನಡುವಿನ ಸಮಯವೇ ಬಂಗಾರ. ಗಣಿತದ ಪಾಠ ಎಲ್ಲ ದೇಶದಲ್ಲೂ ಗಣಿತದ ಪಾಠವೇ. ಎರಡು ಪಾಠಗಳ ನಡುವಿನ ಐದು ನಿಮಿಷ ಮಾತ್ರ ಒಂದೊಂದು ಕಡೆ ಒಂದೊಂದು ಥರ. ಅಮೆರಿಕದ ಹೈಸ್ಕೂಲುಗಳಲ್ಲಿ ಮಕ್ಕಳೇ ಪುಸ್ತಕ ಎತ್ತಿಕೊಂಡು ಕೊಠಡಿಯಿಂದ ಕೊಠಡಿಗೆ ಓಡುತ್ತಾರೆ. ಜಪಾನ್‌ನ ಪ್ರಾಥಮಿಕ ಶಾಲೆಗಳಲ್ಲಿ ದಿನದ ಒಂದು ಹೊತ್ತು ಎಲ್ಲರೂ ಸೇರಿ ತರಗತಿ, ಮೆಟ್ಟಿಲು, ಕಾರಿಡಾರು ಒರೆಸುತ್ತಾರೆ. ಬಾಗಿಲ ಬಳಿ ಶೂ ಬದಲಿಸಿ ಒಳಗೆ ಹಾಕುವ ಬೇರೆ ಶೂ ಹಾಕಿಕೊಳ್ಳುತ್ತಾರೆ. ಅಲ್ಲಿನ ಮಕ್ಕಳಿಗೆ ಇದು ಹೇಳಬೇಕಾದ ವಿಷಯವೇ ಅಲ್ಲ. ಹೊರಗಿನವರಿಗೆ ಮೊದಲು ಕಣ್ಣಿಗೆ ಬೀಳುವುದೇ ಅದು. ನಿಮ್ಮ ಶಾಲೆಯಲ್ಲೂ ಇಂಥದ್ದು ಖಂಡಿತ ಇರುತ್ತದೆ. ನಿಮಗೇ ಕಾಣುವುದಿಲ್ಲ ಅಷ್ಟೇ.

ಕಾಣುವ ಹಾಗೆ ಮಾಡಲು ಒಂದು ಉಪಾಯ ಇದೆ. ಇತ್ತೀಚೆಗೆ ಬೇರೆ ಶಾಲೆಯಿಂದ ಬಂದು ಸೇರಿದ ಹುಡುಗನನ್ನೋ ಹುಡುಗಿಯನ್ನೋ ಕೇಳಿ. ‘ಇಲ್ಲಿಗೆ ಬಂದ ಮೊದಲ ವಾರ ನಿನಗೆ ಏನು ವಿಚಿತ್ರ ಅನಿಸಿತು?’ ಆ ಮಗು ಹೇಳುವ ಪಟ್ಟಿಯನ್ನು ಹಾಗೇ ಬರೆದುಕೊಳ್ಳಿ.

3. ಒಂದೇ ತುಣುಕು ಸಾಕು

ಟಿಪ್ಪಣಿಗಳೆಲ್ಲ ಸೇರಿದ ಮೇಲೆ ಎಲ್ಲವನ್ನೂ ಕಳಿಸುವ ಆಸೆ ಬರುತ್ತದೆ. ಬೇಡ. ಒಂದು ಗುಂಪಿಗೆ ಒಂದು ತುಣುಕು. ಒಬ್ಬರು ಬೆಳಗಿನ ದಾರಿ, ಒಬ್ಬರು ಬಿಡುವಿನ ಆಟ, ಇನ್ನೊಬ್ಬರು ಪರೀಕ್ಷೆಯ ಹಿಂದಿನ ದಿನ. ನೂರೈವತ್ತು ಪದ ದಾಟದಿರಲಿ. ಆ ಕಡೆಯವರು ಇದನ್ನು ತಮ್ಮದಲ್ಲದ ಭಾಷೆಯಲ್ಲಿ ಓದುತ್ತಿರಬಹುದು. ಉದ್ದವಾದಷ್ಟೂ ಓದುವವರು ಕಡಿಮೆ.

ಎರಡು ಮಾದರಿ ನೋಡಿ. ಮೊದಲನೆಯದು ಎಲ್ಲರೂ ಬರೆಯುವಂಥದ್ದು:

‘ನಮ್ಮ ಶಾಲೆ ಸುಂದರವಾಗಿದೆ. ವಿಶಾಲವಾದ ಆಟದ ಮೈದಾನವಿದೆ. ಶಿಕ್ಷಕರು ಪ್ರೀತಿಯಿಂದ ಪಾಠ ಮಾಡುತ್ತಾರೆ. ನಾವೆಲ್ಲ ಒಗ್ಗಟ್ಟಾಗಿ ಇರುತ್ತೇವೆ.’

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಯಾವ ದೇಶದ ಯಾವ ಶಾಲೆಯ ಹೆಸರಲ್ಲಿ ಕಳಿಸಿದರೂ ನಡೆಯುತ್ತದೆ. ಈಗ ಇನ್ನೊಂದು:

‘ಕೊನೆಯ ಪೀರಿಯಡ್ ಮುಗಿಯಲು ಐದು ನಿಮಿಷ ಇರುವಾಗಲೇ ಬ್ಯಾಗಿನ ಜಿಪ್ ಎಳೆಯುವ ಸದ್ದು ಶುರುವಾಗುತ್ತದೆ. ಹಿಂದಿನ ಬೆಂಚಿನಿಂದ ಮೊದಲು. ಟೀಚರ್ ಬೋರ್ಡಿನಿಂದ ತಿರುಗಿದರೆ ನಿಲ್ಲುತ್ತದೆ. ಮತ್ತೆ ಬರೆಯಲು ಹೋದರೆ ಮತ್ತೆ ಸದ್ದು. ಕಿಟಕಿ ಪಕ್ಕ ಕೂತವಳು ಗೇಟಿನ ಕಡೆ ನೋಡಿ ಬೆರಳಲ್ಲಿ ಎಣಿಸುತ್ತಾಳೆ. ಟೀಚರಿಗೆ ಎಲ್ಲ ಗೊತ್ತು. ಆದರೂ ಪಾಠ ನಿಲ್ಲಿಸುವುದಿಲ್ಲ. ನಿಮ್ಮ ತರಗತಿಯಲ್ಲಿ ಮೊದಲು ಬ್ಯಾಗ್ ಮುಚ್ಚುವವರು ಯಾರು?’

ಎರಡನೆಯದರಲ್ಲಿ ಶಾಲೆಯ ಬಗ್ಗೆ ಒಂದು ಹೊಗಳಿಕೆಯೂ ಇಲ್ಲ. ಆದರೆ ಓದಿದ ಮಗು ತನ್ನ ತರಗತಿಯ ಹಿಂದಿನ ಬೆಂಚಿನ ಕಡೆ ಒಮ್ಮೆ ತಿರುಗಿ ನೋಡೇ ನೋಡುತ್ತದೆ. ಕೊನೆಯ ಪ್ರಶ್ನೆಯನ್ನೂ ಗಮನಿಸಿ. ಪ್ರತಿ ತುಣುಕಿನ ಕೊನೆಗೆ ಒಂದು ಪ್ರಶ್ನೆ ಇರಲಿ. ‘ನಿಮ್ಮ ಶಾಲೆ ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂತ ಉತ್ತರ ಬರುತ್ತದೆ. ಒಂದೇ ವಾಕ್ಯದಲ್ಲಿ ನಿಜ ಹೇಳಬಹುದಾದ ಪ್ರಶ್ನೆ ಕೇಳಿ.

ಬೇಜಾರಿನ ಸಂಗತಿ ಬರೆಯಬಹುದೇ ಅಂತ ಟೀಚರ್‌ಗಳು ಕೇಳುತ್ತಾರೆ. ಬರೆಯಬಹುದು, ನನ್ನ ಮಟ್ಟಿಗೆ ಬರೆಯಲೇಬೇಕು. ಹೊಸ ತರಗತಿಯಲ್ಲಿ ಮೊದಲ ದಿನ ಯಾರೂ ಮಾತಾಡಿಸದೆ ಇದ್ದದ್ದು, ಓಟದಲ್ಲಿ ಕೊನೆಯವನಾಗಿ ಬಂದದ್ದು, ಜೋರಾಗಿ ಓದಲು ಹೇಳಿದಾಗ ಗಂಟಲು ಒಣಗಿದ್ದು. ಇಂಥದ್ದು ಬಂದಾಗಲೇ ಆ ಕಡೆಯಿಂದಲೂ ನಿಜವಾದ ಪತ್ರ ಬರುತ್ತದೆ. ಒಂದು ಗೆರೆ ಮಾತ್ರ ಇರಲಿ: ಬೇರೆಯವರ ಗುಟ್ಟು, ಬೇರೆಯವರ ಮನೆಯ ಕಷ್ಟ ಬರೆಯುವಂತಿಲ್ಲ. ತನ್ನದನ್ನು ಬರೆಯಲಿ, ಅದೂ ಬರೆದವರಿಗೆ ಇಷ್ಟವಿದ್ದರೆ ಮಾತ್ರ.

4. ಅಂಕಿಗಳು ಮೋಸ ಮಾಡುತ್ತವೆ

ಭಾಷೆಗಿಂತ ಜಾಸ್ತಿ ಗೊಂದಲ ಮಾಡುವುದು ಅಂಕಿ. ‘ನಾನು ಆರನೇ ತರಗತಿ’ ಅಂದರೆ ಎಲ್ಲರಿಗೂ ಒಂದೇ ಅರ್ಥ ಅಲ್ಲ. ಇಂಗ್ಲೆಂಡಿನಲ್ಲಿ ‘ಇಯರ್ 6’ ಅಂದರೆ 10-11 ವರ್ಷದ ಮಕ್ಕಳು. ಅಮೆರಿಕದ ‘ಗ್ರೇಡ್ 6’ ಅಂದರೆ 11-12. ಫಿನ್‌ಲೆಂಡಿನಲ್ಲಿ ಮಕ್ಕಳು ಒಂದನೇ ತರಗತಿಗೆ ಹೋಗುವುದೇ ಏಳನೇ ವರ್ಷಕ್ಕೆ. ಹಾಗಾಗಿ ತರಗತಿಯ ಜೊತೆ ವಯಸ್ಸನ್ನೂ ಹೇಳಿ. ‘ನಾವು 11 ವರ್ಷದವರು’ ಅಂದರೆ ಮುಗಿಯಿತು.

ಅಂಕಗಳದ್ದು ಇನ್ನೂ ತಮಾಷೆ. ಜರ್ಮನಿಯಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 6 ಅಂದರೆ ಫೇಲ್. ಪೋಲೆಂಡಿನಲ್ಲಿ ತಿರುಗುಮುರುಗು, ಅಲ್ಲಿ 6 ಬಂದರೆ ಕುಣಿಯಬೇಕು. ರಷ್ಯಾದಲ್ಲಿ 5 ಬಂದರೆ ಅದೇ ಮೇಲು. ಫ್ರಾನ್ಸ್‌ನಲ್ಲಿ 20ಕ್ಕೆ ಅಂಕ. ‘ನನಗೆ ಗಣಿತದಲ್ಲಿ 1 ಬಂತು’ ಅಂತ ಜರ್ಮನಿಯ ಹುಡುಗ ಬರೆದರೆ, ಪೋಲೆಂಡಿನ ಹುಡುಗಿ ಸಮಾಧಾನದ ಪತ್ರ ಬರೆಯಲು ಕೂತಾಳು! ಅಂಕ ಹೇಳುವಾಗ ಎಷ್ಟಕ್ಕೆ ಎಷ್ಟು, ಯಾವುದು ಮೇಲು, ಯಾವುದು ಕೆಳಗೆ ಅಂತ ಒಂದು ಸಾಲು ಸೇರಿಸಿ.

ದಿನಾಂಕ ಬರೆಯುವಾಗ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 4/5 ಅಂದರೆ ಕೆಲವು ದೇಶಗಳಲ್ಲಿ ಮೇ 4, ಅಮೆರಿಕದಲ್ಲಿ ಏಪ್ರಿಲ್ 5. ‘ಬೇಸಿಗೆ ರಜೆ’ ಅಂತ ಸುಮ್ನೆ ಬರೆದರೂ ತೊಂದರೆ, ಯಾಕೆಂದರೆ ಭೂಮಿಯ ಉತ್ತರಾರ್ಧದಲ್ಲಿ ಬೇಸಿಗೆ ಇರುವಾಗ ದಕ್ಷಿಣಾರ್ಧದಲ್ಲಿ ಚಳಿಗಾಲ. ಯಾವ ತಿಂಗಳು ಅಂತ ಹೇಳಿ. ದೂರವನ್ನು ಕಿಲೋಮೀಟರಿನಲ್ಲಿ ಹೇಳುವ ಬದಲು ‘ನಡೆದರೆ ಇಪ್ಪತ್ತು ನಿಮಿಷ’ ಅಂದರೆ ಎಲ್ಲರ ಕಾಲಿಗೂ ಅರ್ಥವಾಗುತ್ತದೆ.

5. ಬರಹ ಒಂದೇ ದಾರಿಯಲ್ಲ

ಶಬ್ದವನ್ನು ಎಲ್ಲರೂ ಮರೆಯುತ್ತಾರೆ. ನನ್ನ ಕೇಳಿದರೆ ಮೊದಲು ಕಳಿಸಬೇಕಾದ್ದೇ ಅದು. ಫೋನಿನ ರೆಕಾರ್ಡರ್ ಹಿಡಿದು ಅರ್ಧರ್ಧ ನಿಮಿಷದ ಆರೇಳು ಸದ್ದು ಸೇರಿಸಿ. ಬೆಲ್, ಹಾಜರಿ ಕರೆಯುವಾಗಿನ ಉತ್ತರ, ಕುರ್ಚಿ ಎಳೆಯುವ ಸದ್ದು, ಬಿಡುವಿನ ಗದ್ದಲ, ಪರೀಕ್ಷೆ ನಡೆಯುವಾಗಿನ ಮೌನ. ಯಾವುದು ಏನು ಅಂತ ಹೇಳದೆ ಕಳಿಸಿ, ಅವರೇ ಊಹಿಸಲಿ. ಆ ಕಡೆಯವರ ಊಹೆಗಳನ್ನು ಓದುವಾಗ ನಿಮ್ಮ ಮಕ್ಕಳು ನಗುತ್ತಾರೆ, ಜೊತೆಗೆ ತಮ್ಮ ಶಾಲೆಯನ್ನು ಹೊಸ ಕಿವಿಯಲ್ಲಿ ಕೇಳುತ್ತಾರೆ. ಹಾಜರಿ ರೆಕಾರ್ಡ್ ಮಾಡುವಾಗ ಹೆಸರಿನ ಬದಲು ನಂಬರ್ ಕರೆಯಿರಿ. ಇಷ್ಟಕ್ಕೆ ಇಂಟರ್ನೆಟ್ ಕೂಡ ಜಾಸ್ತಿ ಬೇಡ, ಆಡಿಯೊ ಫೈಲು ವಿಡಿಯೊಗಿಂತ ಎಷ್ಟೋ ಚಿಕ್ಕದು.

ಕೈಯಿಂದ ಬರೆದ ನಕ್ಷೆಯೂ ಹಾಗೇ. ಶಾಲೆಯ ನಕ್ಷೆ ಬರೆಯಲು ಹೇಳಿ, ಆದರೆ ಅಳತೆಪಟ್ಟಿ ಕೊಡಬೇಡಿ. ಮಕ್ಕಳಿಗೆ ಮುಖ್ಯವಾದ ಜಾಗ ನಕ್ಷೆಯಲ್ಲಿ ದೊಡ್ಡದಾಗುತ್ತದೆ. ಆಫೀಸು ಮೂಲೆಗೆ ಹೋಗಿ, ಮರದ ಕೆಳಗಿನ ಕಟ್ಟೆ ಅರ್ಧ ಹಾಳೆ ತುಂಬುತ್ತದೆ. ಅದನ್ನು ತಿದ್ದಬೇಡಿ. ‘ಗುಟ್ಟು ಮಾತಾಡುವ ಜಾಗ’, ‘ಮಳೆ ಬಂದರೆ ನೀರು ನಿಲ್ಲುವ ಜಾಗ’, ‘ದೊಡ್ಡ ತರಗತಿಯವರು ನಮ್ಮನ್ನು ಬಿಡದ ಜಾಗ’ ಅಂತ ಗುರುತು ಹಾಕಿಸಿ. ನಕ್ಷೆಯಲ್ಲಿ ಶಾಲೆಯ ಹೆಸರಾಗಲಿ ಹೊರಗಿನ ರಸ್ತೆಯ ಹೆಸರಾಗಲಿ ಬೇಡ.

ಫೋಟೊ ತೆಗೆಯುವಾಗ ಒಂದು ನಿಯಮ: ಎಲ್ಲರೂ ಸಾಲಾಗಿ ನಿಂತು ಕ್ಯಾಮೆರಾ ನೋಡುವ ಚಿತ್ರ ಒಂದೂ ಬೇಡ. ಕೈಗಳು, ಬ್ಯಾಗುಗಳು, ಕಾಲುಗಳು, ಡೆಸ್ಕಿನ ಮೇಲೆ ಹಿಂದಿನವರು ಗೀಚಿಹೋದ ಗೆರೆಗಳು, ಅರ್ಧ ಒರೆಸಿದ ಬೋರ್ಡು. ಮಕ್ಕಳ ಕಣ್ಣಿನ ಎತ್ತರದಿಂದ ತೆಗೆಯಿರಿ. ದೊಡ್ಡವರು ನಿಂತು ತೆಗೆದ ಚಿತ್ರದಲ್ಲಿ ಬರೀ ತಲೆಗಳು ಕಾಣುತ್ತವೆ.

ವಿಡಿಯೊ ಮಾಡುವುದಾದರೆ ಎರಡು ನಿಮಿಷ ದಾಟಿಸಬೇಡಿ. ಹಿನ್ನೆಲೆಗೆ ಸಿನಿಮಾ ಹಾಡು ಹಾಕಬೇಡಿ. ಹಕ್ಕುಸ್ವಾಮ್ಯದ ಕಾರಣಕ್ಕೆ ಯೂಟ್ಯೂಬ್‌ನಂಥ ಕಡೆ ಶಬ್ದ ಕತ್ತರಿಸಬಹುದು, ಇಲ್ಲವೇ ಕೆಲವು ದೇಶಗಳಲ್ಲಿ ವಿಡಿಯೊವೇ ಕಾಣದಿರಬಹುದು. ಅದಕ್ಕಿಂತ ಮುಖ್ಯವಾಗಿ, ಹಾಡಿನ ಕೆಳಗೆ ನಿಮ್ಮ ಶಾಲೆಯ ಸದ್ದೇ ಹೂತುಹೋಗುತ್ತದೆ.

6. ಯಾವ ಭಾಷೆಯಲ್ಲಿ?

ಮೊದಲು ತಮ್ಮ ಭಾಷೆಯಲ್ಲೇ ಬರೆಯಲಿ. ನೇರವಾಗಿ ಇಂಗ್ಲಿಷಿನಲ್ಲಿ ಬರೆಯಲು ಕೂರಿಸಿದರೆ ಮಕ್ಕಳು ಹೇಳಬೇಕೆಂದದ್ದನ್ನು ಬಿಟ್ಟು, ಹೇಳಲು ಬರುವುದನ್ನು ಮಾತ್ರ ಬರೆಯುತ್ತಾರೆ. ‘ಮೈ ಸ್ಕೂಲ್ ಈಸ್ ವೆರಿ ಬಿಗ್’ ಹುಟ್ಟುವುದೇ ಹಾಗೆ. ತಮ್ಮ ಭಾಷೆಯಲ್ಲಿ ಬರೆದು, ಆಮೇಲೆ ಇಬ್ಬರೂ ಓದಬಲ್ಲ ಭಾಷೆಗೆ ತರಲಿ. ಎರಡನ್ನೂ ಒಟ್ಟಿಗೆ ಕಳಿಸಿ. ಆ ಕಡೆಯವರಿಗೆ ನಿಮ್ಮ ಲಿಪಿ ಓದಲು ಬರದಿದ್ದರೂ ಕೈಬರಹ ನೋಡುವುದು ಅವರಿಗೆ ಖುಷಿ. ಟೈಪ್ ಮಾಡಿ ಕಳಿಸುವುದಾದರೆ ಪಿಡಿಎಫ್ ಮಾಡಿ. ನಿಮ್ಮ ಫಾಂಟ್ ಅವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅಕ್ಷರದ ಬದಲು ಬರೀ ಚೌಕಗಳು ಕಾಣುತ್ತವೆ.

ಗೂಗಲ್ ಟ್ರಾನ್ಸ್‌ಲೇಟ್ ಬಳಸಬಹುದು, ತಪ್ಪೇನಿಲ್ಲ. ವಾಕ್ಯ ಚಿಕ್ಕದಿರಲಿ, ಗಾದೆ-ನುಡಿಗಟ್ಟು ಬೇಡ. ಅನುವಾದ ಬಂದ ಮೇಲೆ ಅದನ್ನೇ ಮತ್ತೆ ನಿಮ್ಮ ಭಾಷೆಗೆ ತಿರುಗಿಸಿ ನೋಡಿ. ಅರ್ಥ ಎಲ್ಲೋ ಹೋಗಿದ್ದರೆ ಮೂಲ ವಾಕ್ಯವನ್ನೇ ಸರಳ ಮಾಡಿ.

ಒಂದು ವಿಷಯದಲ್ಲಿ ನಾನು ಹಠಮಾರಿ. ಮಕ್ಕಳ ವ್ಯಾಕರಣದ ತಪ್ಪುಗಳನ್ನೆಲ್ಲ ಟೀಚರ್ ಉಜ್ಜಿ ಉಜ್ಜಿ ತೆಗೆಯಬಾರದು. ಅರ್ಥ ಕೆಡುವಂಥ ತಪ್ಪು ತಿದ್ದಿ, ಉಳಿದದ್ದು ಇರಲಿ. ಪೂರ್ತಿ ತಿದ್ದಿದ ಪತ್ರ ಹೋದರೆ ಆ ಕಡೆಯ ಮಕ್ಕಳು ತಮ್ಮ ತಪ್ಪು ಇಂಗ್ಲಿಷಿನಲ್ಲಿ ಉತ್ತರ ಬರೆಯಲು ಹೆದರುತ್ತಾರೆ.

7. ಕಳಿಸುವ ಮುಂಚೆ ಪರೀಕ್ಷಿಸಬೇಕಾದ್ದು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ಒಂದನ್ನೂ ಬಿಡುವಂತಿಲ್ಲ.

- ಪ್ರತಿ ಮಗುವಿನ ಮನೆಯವರಿಂದ ಬರಹದಲ್ಲಿ ಒಪ್ಪಿಗೆ. ಬರಹಕ್ಕೆ, ಧ್ವನಿಗೆ, ಫೋಟೊಗೆ, ವಿಡಿಯೊಗೆ ಬೇರೆ ಬೇರೆ ಟಿಕ್ ಹಾಕುವ ಹಾಗಿರಲಿ. ಬರಹಕ್ಕೆ ಒಪ್ಪಿ ಮುಖ ತೋರಿಸಲು ಒಪ್ಪದವರು ಇರುತ್ತಾರೆ.
- ಹೆಸರಿನಲ್ಲಿ ಮೊದಲ ಭಾಗ ಮಾತ್ರ, ಅಥವಾ ಮಗು ತಾನೇ ಆರಿಸಿದ ಅಡ್ಡಹೆಸರು. ಮನೆ ವಿಳಾಸ, ಫೋನ್ ನಂಬರ್, ಹುಟ್ಟಿದ ದಿನಾಂಕ ಬೇಡ.
- ಫೋಟೊದಲ್ಲಿ ಯೂನಿಫಾರ್ಮಿನ ಬ್ಯಾಡ್ಜ್, ಐಡಿ ಕಾರ್ಡ್, ಶಾಲೆಯ ಬೋರ್ಡು, ಗೋಡೆಗೆ ಅಂಟಿಸಿದ ಹೆಸರುಪಟ್ಟಿ, ವಾಹನದ ನಂಬರ್ ಕಾಣುತ್ತಿದೆಯೇ ನೋಡಿ.
- ಫೋನಿನಲ್ಲಿ ತೆಗೆದ ಫೋಟೊದೊಳಗೆ ಜಾಗದ ಮಾಹಿತಿ ಸೇರಿಕೊಂಡಿರಬಹುದು. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ ಆಮೇಲೆ ತೆಗೆಯಿರಿ. ಈಗಾಗಲೇ ತೆಗೆದಿದ್ದರೆ ಆ ಮಾಹಿತಿ ಅಳಿಸಿ ಕಳಿಸಿ.
- ಮಕ್ಕಳ ನಡುವೆ ನೇರ ಮೆಸೇಜ್ ಬೇಡ. ಎಲ್ಲವೂ ಇಬ್ಬರು ಟೀಚರ್‌ಗಳ ಮೂಲಕ ಹೋಗಲಿ, ಬರಲಿ.

ಆ ದೇಶದ ಕಾನೂನೂ ಬೇರೆ ಇರುತ್ತದೆ. ಅಮೆರಿಕದಲ್ಲಿ 13 ವರ್ಷಕ್ಕಿಂತ ಚಿಕ್ಕ ಮಕ್ಕಳ ಮಾಹಿತಿಯನ್ನು ವೆಬ್‌ಸೈಟುಗಳು, ಆ್ಯಪ್‌ಗಳು ಸಂಗ್ರಹಿಸಲು ಹೆತ್ತವರ ಒಪ್ಪಿಗೆ ಬೇಕು. ಯುರೋಪಿನ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ನಿಯಮದಂತೆ ಆನ್‌ಲೈನ್ ಸೇವೆಗಳಿಗೆ ಮಕ್ಕಳೇ ಒಪ್ಪಿಗೆ ಕೊಡುವ ವಯಸ್ಸು 16, ಆದರೆ ಆಯಾ ದೇಶ ಇದನ್ನು 13ರವರೆಗೆ ಇಳಿಸಬಹುದು. ಹಾಗಾಗಿ ಆ ಕಡೆಯ ಟೀಚರ್ ‘ಮುಖ ತೋರಿಸುವ ಫೋಟೊ ಕಳಿಸಲಾಗದು’ ಅಂದರೆ ಬೇಸರ ಮಾಡಿಕೊಳ್ಳಬೇಡಿ. ಕೈಗಳ ಫೋಟೊ ಕಳಿಸಲಿ.

8. ನೇರ ಕರೆ: ಕೊನೆಗಿರಲಿ

ಹೆಚ್ಚಿನವರು ವಿಡಿಯೊ ಕರೆಯಿಂದಲೇ ಶುರುಮಾಡುತ್ತಾರೆ. ಎರಡೂ ಕಡೆ ಮಕ್ಕಳು ಕೈ ಬೀಸುತ್ತಾರೆ, ‘ಹಲೋ’ ಅನ್ನುತ್ತಾರೆ, ಆಮೇಲೆ ಏನು ಮಾತಾಡಬೇಕೆಂದು ಗೊತ್ತಾಗದೆ ನಗುತ್ತಾರೆ. ಮೊದಲು ಎರಡು-ಮೂರು ಸಲ ಪತ್ರ, ಸದ್ದು, ಚಿತ್ರ ಹೋಗಿ ಬರಲಿ. ‘ಬ್ಯಾಗ್ ಮೊದಲು ಮುಚ್ಚುವವನು ಇವನೇ ನೋಡಿ’ ಅಂತ ತೋರಿಸುವಷ್ಟು ಪರಿಚಯವಾದ ಮೇಲೆ ಕರೆ ಮಾಡಿದರೆ ಮಾತಿಗೆ ಬರವಿಲ್ಲ.

ಸಮಯ ಗೊತ್ತುಮಾಡುವಾಗ ಹುಷಾರು. ಬೇಸಿಗೆಯ ಹಗಲನ್ನು ಬಳಸಿಕೊಳ್ಳಲು ಕೆಲವು ದೇಶಗಳು ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತವೆ. ಯುರೋಪಿನ ಒಕ್ಕೂಟದಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ. ಅಮೆರಿಕದ ಹೆಚ್ಚಿನ ಭಾಗದಲ್ಲಿ ಮಾರ್ಚ್ ಎರಡನೇ ಭಾನುವಾರ ಮುಂದಕ್ಕೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ಜಪಾನ್‌ನಲ್ಲಿ ಇದ್ಯಾವುದೂ ಇಲ್ಲ. ಫೆಬ್ರುವರಿಯಲ್ಲಿ ಸರಿಯಿದ್ದ ಲೆಕ್ಕ ಏಪ್ರಿಲ್‌ನಲ್ಲಿ ಒಂದು ಗಂಟೆ ತಪ್ಪುವುದು ಹೀಗೆ. ಜೊತೆಗೆ ಬೇರೆ ದೇಶಗಳ ಜೊತೆಗಿನ ವ್ಯತ್ಯಾಸ ಪೂರ್ತಿ ಗಂಟೆಗಳಲ್ಲಿ ಬರದೆ, ಭಾರತದಂತೆ ಅರ್ಧ ಗಂಟೆ, ನೇಪಾಳದಂತೆ ಮುಕ್ಕಾಲು ಗಂಟೆ ಸೇರಿಕೊಳ್ಳುವ ದೇಶಗಳೂ ಇವೆ. ಇಬ್ಬರೂ ಯುಟಿಸಿ ಸಮಯ (ಎಲ್ಲ ದೇಶಗಳ ಗಡಿಯಾರಕ್ಕೂ ಆಧಾರವಾದ ಜಾಗತಿಕ ಸಮಯ) ಬರೆದು, ಪಕ್ಕದಲ್ಲಿ ತಮ್ಮ ತಮ್ಮ ಗಡಿಯಾರದ ಸಮಯ ಬರೆದು ಖಚಿತ ಮಾಡಿಕೊಳ್ಳಿ. ಒಬ್ಬರ ಬೆಳಗಿನ ಮೊದಲ ಪೀರಿಯಡ್, ಇನ್ನೊಬ್ಬರ ಮಧ್ಯಾಹ್ನದ ಕೊನೆಯ ಪೀರಿಯಡ್ ಹೊಂದಿದರೆ ಅದೃಷ್ಟ. ಹೊಂದದಷ್ಟು ದೂರವಿದ್ದರೆ ನೇರ ಕರೆಯನ್ನು ಬಿಟ್ಟುಬಿಡಿ. ಮಕ್ಕಳನ್ನು ರಾತ್ರಿ ಶಾಲೆಗೆ ಕರೆಸುವಷ್ಟು ದೊಡ್ಡ ವಿಷಯ ಅಲ್ಲ ಅದು.

ಕರೆ ಇಪ್ಪತ್ತೈದು ನಿಮಿಷಕ್ಕೆ ಸೀಮಿತವಾಗಿರಲಿ. ಝೂಮ್‌ನ ಉಚಿತ ಖಾತೆಯಲ್ಲಿ ಹೇಗೂ 40 ನಿಮಿಷಕ್ಕೆ ಕರೆ ಕಡಿದುಹೋಗುತ್ತದೆ. ಹಿಂದಿನ ದಿನ ಇಬ್ಬರು ಟೀಚರ್‌ಗಳೇ ಅದೇ ಕೊಠಡಿಯಿಂದ, ಅದೇ ಮೈಕಿನಿಂದ ಒಮ್ಮೆ ಮಾತಾಡಿ ನೋಡಿ. ಚಿತ್ರ ಮಸುಕಾದರೆ ನಡೆಯುತ್ತದೆ, ಧ್ವನಿ ಕೇಳದಿದ್ದರೆ ಎಲ್ಲ ಮುಗಿಯಿತು. ಮಾತಾಡುವ ಮಗು ಕ್ಯಾಮೆರಾ ಹತ್ತಿರ ಬರಲಿ, ಉಳಿದವರು ಹಿಂದೆ ಕೂರಲಿ. ಪ್ರಶ್ನೆಗಳನ್ನು ಮೊದಲೇ ಬರೆದು ಆ ಕಡೆಗೆ ಕಳಿಸಿದ್ದರೆ ಅವರ ಮಕ್ಕಳೂ ತಯಾರಾಗಿ ಬರುತ್ತಾರೆ. ಮುಜುಗರದ ಮಕ್ಕಳಿಗೆ ಇದರಿಂದ ತುಂಬ ಅನುಕೂಲ.

9. ಇಕ್ಕಟ್ಟಿನ ಪ್ರಶ್ನೆ ಬಂದರೆ

ಬರುತ್ತದೆ. ‘ನಿಮ್ಮ ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುತ್ತಾರಾ?’ ‘ನಿಮ್ಮಲ್ಲಿ ಕಂಪ್ಯೂಟರ್ ಇದೆಯಾ?’ ‘ಹುಡುಗಿಯರು ಫುಟ್‌ಬಾಲ್ ಆಡಬಹುದಾ?’ ಕೇಳುವ ಮಕ್ಕಳಿಗೆ ಅವಮಾನ ಮಾಡುವ ಉದ್ದೇಶ ಇರುವುದಿಲ್ಲ. ಎಲ್ಲೋ ನೋಡಿದ್ದನ್ನು, ಕೇಳಿದ್ದನ್ನು ನಿಜವಾ ಅಂತ ಕೇಳುತ್ತಿರುತ್ತಾರೆ. ಉತ್ತರ ಕೊಡುವಾಗ ‘ನಮ್ಮ ದೇಶದಲ್ಲಿ’ ಅಂತ ಶುರುಮಾಡಬಾರದು, ‘ನಮ್ಮ ತರಗತಿಯಲ್ಲಿ’ ಅಂತ ಶುರುಮಾಡಬೇಕು. ಮೂವತ್ತು ಮಕ್ಕಳು ಇಡೀ ದೇಶದ ವಕೀಲರಾಗಬೇಕಿಲ್ಲ. ಇದ್ದದ್ದು ಇದೆ, ಇಲ್ಲದ್ದು ಇಲ್ಲ ಅಂದರೆ ಸಾಕು. ಉತ್ತರ ಹೇಳಲು ಇಷ್ಟವಿಲ್ಲದಿದ್ದರೆ ‘ಇದನ್ನು ಹೇಳಲು ನಮಗೆ ಇಷ್ಟವಿಲ್ಲ’ ಅನ್ನುವ ಹಕ್ಕೂ ಇದೆ ಅಂತ ಮಕ್ಕಳಿಗೆ ಮೊದಲೇ ತಿಳಿಸಿ.

ನೀವು ಕೇಳುವಾಗಲೂ ಅಷ್ಟೇ. ‘ನಿಮ್ಮಲ್ಲಿ ಎಲ್ಲರೂ ಶ್ರೀಮಂತರಾ?’ ಅನ್ನುವ ಪ್ರಶ್ನೆ ನಿಮ್ಮ ಮಕ್ಕಳಿಂದಲೂ ಬರುತ್ತದೆ. ಅದನ್ನು ಅಳಿಸಿಹಾಕುವ ಬದಲು ‘ಇದನ್ನು ತಿಳಿಯಲು ಬೇರೆ ಹೇಗೆ ಕೇಳಬಹುದು?’ ಅಂತ ಅವರನ್ನೇ ಕೇಳಿ. ‘ನೀವು ಶಾಲೆಗೆ ಹೇಗೆ ಬರುತ್ತೀರಿ?’ ಅನ್ನುವ ಪ್ರಶ್ನೆಗೆ ಬರುವ ಉತ್ತರದಲ್ಲಿ ಬೇಕಾದಷ್ಟು ಸಿಗುತ್ತದೆ.

10. ಉತ್ತರ ಬಂದ ಮೇಲೆ

ಬಂದ ಪತ್ರವನ್ನು ಟೀಚರ್ ಓದಿ ಹೇಳಬಾರದು. ಪ್ರಿಂಟ್ ತೆಗೆದು ಮಕ್ಕಳ ಕೈಗೆ ಕೊಡಿ. ಒಂದೊಂದು ಪತ್ರಕ್ಕೆ ಇಬ್ಬಿಬ್ಬರು ಕೂತು ಓದಲಿ. ಅರ್ಥವಾಗದ್ದಕ್ಕೆ ಕೆಳಗೆ ಗೆರೆ ಎಳೆಯಲಿ, ‘ನಮ್ಮಲ್ಲೂ ಹೀಗೇ’ ಅನಿಸಿದ್ದಕ್ಕೆ ಒಂದು ಗುರುತು, ‘ಅಯ್ಯೋ ಹೀಗೂ ಉಂಟಾ’ ಅನಿಸಿದ್ದಕ್ಕೆ ಇನ್ನೊಂದು ಗುರುತು ಹಾಕಲಿ. ಮುಂದಿನ ಪತ್ರಕ್ಕೆ ವಿಷಯ ಈ ಗುರುತುಗಳಿಂದಲೇ ಸಿಗುತ್ತದೆ.

ಎರಡು ವಾರದೊಳಗೆ ಮರುಉತ್ತರ ಹೋಗಲಿ, ಚಿಕ್ಕದಾದರೂ ಸರಿ. ಅವರು ಬರೆದದ್ದರಲ್ಲಿ ಒಂದು ನಿರ್ದಿಷ್ಟ ಸಂಗತಿಯನ್ನು ಹೆಸರಿಸಿ ಉತ್ತರಿಸಿ. ‘ನಿಮ್ಮ ಪತ್ರ ಚೆನ್ನಾಗಿತ್ತು’ ಅಂದರೆ ಓದಿದ್ದಾರೋ ಇಲ್ಲವೋ ಗೊತ್ತಾಗದು. ‘ನೀವು ಶೂ ಬದಲಿಸುವುದನ್ನು ಮರೆತರೆ ಏನಾಗುತ್ತದೆ?’ ಅಂದರೆ ಗೊತ್ತಾಗುತ್ತದೆ.

ಉತ್ತರ ಬರದೇ ಇದ್ದರೆ? ಮಕ್ಕಳ ಕೈಯಲ್ಲಿ ಇನ್ನೊಂದು ಪತ್ರ ಬರೆಸಬೇಡಿ. ಟೀಚರ್ ಟೀಚರಿಗೆ ಎರಡು ಸಾಲು ಕಳಿಸಿ ವಿಚಾರಿಸಲಿ. ಹೆಚ್ಚಾಗಿ ಪರೀಕ್ಷೆ, ರಜೆ, ಇಲ್ಲವೇ ಆ ಟೀಚರಿಗೆ ವರ್ಗ. ಹಾಗಾಗಿದ್ದರೆ ಇದ್ದ ಕಾರಣವನ್ನು ಮಕ್ಕಳಿಗೆ ಹೇಳಿ, ಬೇರೆ ಶಾಲೆ ಹುಡುಕಿ. ತಯಾರಾದ ನಕ್ಷೆ, ಸದ್ದು, ಬರಹ ಎಲ್ಲ ಹೊಸಬರಿಗೂ ನಡೆಯುತ್ತವೆ.

ಕಳಿಸಿದ್ದು, ಬಂದದ್ದು, ಒಪ್ಪಿಗೆ ಪತ್ರಗಳು, ಆ ಕಡೆಯ ಟೀಚರಿನ ಸಂಪರ್ಕ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಡಿ. ವರ್ಷದ ಕೊನೆಗೆ ಮಕ್ಕಳು ಮುಂದಿನ ತರಗತಿಗೆ ಹೋಗುವಾಗ ಅವರ ಹೊಸ ಟೀಚರನ್ನು ಕೇಳಿ. ಅವರು ಮುಂದುವರಿಸಲು ಒಪ್ಪಿದರೆ ಫೋಲ್ಡರ್ ಅವರಿಗೆ ಕೊಟ್ಟು, ಆ ಕಡೆಗೂ ಒಂದು ಸಾಲು ಬರೆದು ಪರಿಚಯ ಮಾಡಿಸಿ. ಒಪ್ಪಿಗೆ ಪತ್ರಗಳನ್ನು ಮಾತ್ರ ಹೊಸ ವರ್ಷಕ್ಕೆ ಹೊಸದಾಗಿ ತೆಗೆದುಕೊಳ್ಳಬೇಕು.